ಗೋಡೆಯ ಆಚೆ ಬದಿಯ ಅಳತೆ

ಗೋಡೆಯಲ್ಲಿ ಒಂದು ತೂತಿತ್ತು. ಪಾಳು ಛತ್ರವೊಂದರ ಅಡಿಗೆಮನೆಯ ಹಿಂದಿನ ಗೋಡೆಯಲ್ಲಿ, ನೆಲದಿಂದ ಸರಿಯಾಗಿ ನಾಲ್ಕು ಅಡಿ ಎತ್ತರಕ್ಕೆ, ನನ್ನ ಮುಷ್ಟಿ ಹೋಗುವಷ್ಟು ಅಗಲದ್ದು. ಬಾಯಿಗೆ ಬಟ್ಟಲಿನಂತೆ ಕೊರೆದ ಕಲ್ಲು ಕೂರಿಸಿದ್ದರು. ಒಳಗೆ ಕಣಜದ ಹುಳುಗಳು ಮಣ್ಣಿನ ಗೂಡು ಕಟ್ಟಿದ್ದವು. ಆ ತೂತು ಯಾತಕ್ಕೆ ಎಂದು ತಿಳಿಯುವುದಕ್ಕೆ ನನಗೆ ಹದಿಮೂರು ದಿನ ಹಿಡಿಯಿತು. ಅದರಲ್ಲಿ ಹತ್ತು ದಿನ, ನನಗೆ ಆಗಲೇ ಗೊತ್ತಾಗಿದೆ ಎಂದುಕೊಂಡು ನೆಮ್ಮದಿಯಾಗಿದ್ದೆ.

ಪಾಳುಬಿದ್ದ ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಸುತ್ತಲಿನವರಿಂದ ಅವುಗಳ ಕತೆ ಕೇಳಿ ದಾಖಲಿಸುವುದು ನನ್ನ ಕೆಲಸ. ಆಗ ನನ್ನ ಪಾಲಿಗೆ ಬಂದಿದ್ದದ್ದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಪಟ್ಟಿ. ಪಟ್ಟಿಯಲ್ಲಿ ದೇವಸ್ಥಾನಗಳಿರಲಿಲ್ಲ, ಅವುಗಳ ಯೋಗಕ್ಷೇಮ ನೋಡುವವರಿದ್ದಾರೆ. ಶೆಟ್ಟಿಹಳ್ಳಿಯ ಚರ್ಚೂ ಇರಲಿಲ್ಲ. ಹೇಮಾವತಿಯ ನೀರಿನಲ್ಲಿ ನಿಂತ ಅದರ ಮುಂದೆ ಮದುವೆಗೆ ಮುಂಚಿನ ಜೋಡಿಗಳು ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಪಟ್ಟಿಯಲ್ಲಿದ್ದದ್ದು ಯಾರೂ ಬೆನ್ನು ಕೊಟ್ಟು ಸಹ ಫೋಟೋ ತೆಗೆಸಿಕೊಳ್ಳದ ಕಟ್ಟಡಗಳು. ಹೊಳೆನರಸೀಪುರದ ಕಡೆ ಒಂದು ಧಾನ್ಯದ ಉಗ್ರಾಣ, ಅರಕಲಗೂಡಿನ ಬಳಿ ಒಂದು ಹಳೇ ಚಾವಡಿ, ಕಟ್ಟಾಯದ ದಾರಿಯಲ್ಲಿ ಒಂದು ಸೂರಿಲ್ಲದ ಬಂಗಲೆ. ಮತ್ತು ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ಬಸ್ಸು ನಿಲ್ಲದೆ ದಾಟಿಹೋಗುವ ಈ ಛತ್ರ.

ಛತ್ರದ ಮುಂಗೋಡೆಯ ಮೂಲೆಗೆ ಕೆಂಪು ಬಣ್ಣದಲ್ಲಿ ಒಂದು ಗುರುತು ಹಾಕಿದ್ದರು. ರಸ್ತೆ ಅಗಲವಾಗುವುದಕ್ಕೆ ಅಷ್ಟು ಜಾಗ ಬೇಕಂತೆ. ಪಾರಂಪರಿಕ ಕಟ್ಟಡವೆಂದು ಪಟ್ಟಿಗೆ ಸೇರಿಸಿ ಎನ್ನುವ ಅರ್ಜಿ ತಿಂಗಳ ಕೊನೆಯೊಳಗೆ ಹಾಸನಕ್ಕೆ ಮುಟ್ಟಿದರೆ ರಸ್ತೆ ಆಚೆ ಬದಿಯ ಖಾಲಿ ಜಾಗಕ್ಕೆ ಸರಿಯಬಹುದು. ಮುಟ್ಟದಿದ್ದರೆ ಜೆಸಿಬಿ ಬರುತ್ತದೆ. ಅರ್ಜಿಯ ಜೊತೆ ಎರಡು ಇರಬೇಕು. ಒಂದು, ಕಟ್ಟಡದ ಪೂರ್ತಿ ನಕ್ಷೆ. ಅದು ನನ್ನ ಕೆಲಸ. ಇನ್ನೊಂದು, ಮಾಲೀಕರ ಒಪ್ಪಿಗೆ ಪತ್ರ.

ಮಾಲೀಕರು ಪಕ್ಕದ ಊರಿನ ಗೌಡರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟನೆಯ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ತೆಂಗಿನಕಾಯಿ ವ್ಯಾಪಾರ ಈಗ ಮಕ್ಕಳ ಕೈಲಿದೆ. ಮೊದಲ ದಿನವೇ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಕಾಫಿ ಕೊಡಿಸಿದರು, ಎಲ್ಲ ಕೇಳಿಸಿಕೊಂಡರು.

"ನಮ್ಮ ತಾತ್ನೋರು ಕಟ್ಸಿದ್ದು ಕಣಮ್ಮ ಅದು" ಎಂದರು. "ಯಾವ ಊರು, ಯಾವ ಜಾತಿ ಅಂತ ಕೇಳ್ದೆ ಬಂದೋರ್ಗೆಲ್ಲ ಅನ್ನ ನೀರು ಕೊಟ್ಟಿರೋ ಜಾಗ. ಆ ಮಾತು ಪತ್ರದಲ್ಲೂ ಇರ್ಬೇಕು, ನಿಮ್ಮ ಬುಕ್ಕಲ್ಲೂ ಇರ್ಬೇಕು. ಅಷ್ಟಿದ್ರೆ ಸೈನು ಹಾಕ್ತೀನಿ. ಇಲ್ದಿದ್ರೆ ಬರೀ ಗೋಡೆ ಇಟ್ಕೊಂಡು ನಾನೇನು ಮಾಡ್ಲಿ, ಕೆಡವ್ಲಿ ಬಿಡಿ."

ಒಳ್ಳೆಯ ಮಾತೇ ಅಲ್ಲವೇ ಎಂದುಕೊಂಡು ಒಪ್ಪಿದೆ. ಪತ್ರವನ್ನು ಅವರೇ ಹೇಳಿ ಬರೆಸಿ, ಸಹಿ ಮಾತ್ರ ಬಾಕಿ ಉಳಿಸಿಕೊಂಡರು. ನಕ್ಷೆ ತೋರಿಸಿದ ಮೇಲೆ ಸಹಿ ಎಂದು ಮಾತಾಯಿತು.

ನನ್ನ ಜೊತೆಗಿದ್ದವರು ಅರಕಲಗೂಡಿನ ಕಡೆಯ ಒಬ್ಬ ಗಾರೆ ಮೇಸ್ತ್ರಿ. ಸುಣ್ಣ ಅರೆದು ಗಾರೆ ಮಾಡುವುದು ಗೊತ್ತಿರುವ ಕೆಲವೇ ಜನರಲ್ಲಿ ಒಬ್ಬರು. ಹಳೆಯ ಗೋಡೆಯನ್ನು ಬೆರಳಿನಿಂದ ಕೆರೆದು, ಪುಡಿಯನ್ನು ನಾಲಿಗೆಗೆ ಇಟ್ಟು "ಬೆಲ್ಲ ಹಾಕವ್ರೆ" ಎಂದು ಹೇಳುವವರು. ಛತ್ರ ನೋಡಿದ ಕೂಡಲೇ ಅವರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. "ಇಂಥಾ ಗಾರೇನ ಜೆಸಿಬಿ ಬಾಯಿಗೆ ಕೊಡ್ತಾರಾ ಮೇಡಮ್ಮೋರೆ? ಕಣ್ಣಿಲ್ವಾ ಇವ್ರಿಗೆ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು.

ಅಳೆಯುವ ಕ್ರಮ ಸುಲಭ, ತಾಳ್ಮೆ ಬೇಕಷ್ಟೆ. ನಡುವಿನ ತೊಟ್ಟಿಯ ಉದ್ದಕ್ಕೂ ಒಂದು ದಾರ ಬಿಗಿದು ಕಟ್ಟುತ್ತೇವೆ. ಪ್ರತಿಯೊಂದು ಮೂಲೆಯನ್ನೂ ಆ ದಾರದ ಎರಡು ತುದಿಗಳಿಂದ ಅಳೆಯಬೇಕು. ಎರಡು ಅಳತೆ ಸಂಧಿಸುವ ಕಡೆ ಮೂಲೆ ಕೂರುತ್ತದೆ. ಲೇಸರ್ ಮೀಟರು ಇದೆ, ಆದರೆ ಅದರ ಕೆಂಪು ಚುಕ್ಕಿ ಬಿಸಿಲಿನಲ್ಲಿ ಕಾಣುವುದಿಲ್ಲ, ತೊಟ್ಟಿಯಲ್ಲಿ ಟೇಪೇ ಗತಿ. ನೆಲದ ಏರಿಳಿತಕ್ಕೆ ಮೇಸ್ತ್ರಿಗಳ ಲೆವೆಲ್ ಪೈಪು: ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಆ ತುದಿ ನೀವು ಹಿಡಿಯಿರಿ, ಈ ತುದಿ ನಾನು ಹಿಡಿಯುತ್ತೇನೆ. ನೀರು ಎಂದೂ ಸುಳ್ಳು ಹೇಳುವುದಿಲ್ಲ, ಪೈಪಿನಲ್ಲಿ ಗುಳ್ಳೆ ಇರದಿದ್ದರೆ.

ಮುಂದೆ ಕಲ್ಲುಕಂಬದ ಜಗಲಿ, ಎಡಬಲಕ್ಕೆ ಮೂರು ಮೂರು ಕೋಣೆ, ಹಿಂದೆ ಅಡಿಗೆಮನೆ, ಅದಕ್ಕೆ ಅಂಟಿಕೊಂಡಂತೆ ಒಳಗೇ ಬಾವಿ. ಹೆಂಚು ಕುಸಿದು ಎಷ್ಟೋ ವರ್ಷವಾಗಿತ್ತು. ಬಾಗಿಲುಗಳನ್ನು ಯಾರೋ ಕಿತ್ತೊಯ್ದಿದ್ದರು. ಅಡಿಗೆಮನೆಯಲ್ಲಿ ತೂತಿನ ಕೆಳಗೆ ಒಂದು ಚೌಕದ ಕಲ್ಲು ಬಿದ್ದಿತ್ತು, ಒಂದು ಅಡಿ ಎತ್ತರದ್ದು. ಮೇಲ್ಮೈ ಸವೆದು ನುಣುಪಾಗಿತ್ತು. ಟೇಪಿಗೆ ಅಡ್ಡ ಬರುತ್ತಿದೆಯೆಂದು ಮೇಸ್ತ್ರಿ ಅದನ್ನು ಉರುಳಿಸಲು ಹೋದರು. ಇದ್ದದ್ದು ಇದ್ದಲ್ಲೇ ಇರಲಿ ಎಂದು ನಾನು ತಡೆದೆ. ಈ ಪ್ರಕರಣದಲ್ಲಿ ನಾನು ಬುದ್ಧಿ ಉಪಯೋಗಿಸಿದ್ದು ಅದೊಂದೇ ಸಲ.

ಇನ್ನು ತೂತು. ಗೂಡು ತೆಗೆದು ಕಬ್ಬಿಣದ ಸರಳು ತೂರಿಸಿ ನೋಡಿದೆವು. ಎರಡೂವರೆ ಅಡಿ ದಪ್ಪದ ಗೋಡೆಯ ಈಚೆಯಿಂದ ಆಚೆಗೆ ಕಾಲುವೆಯಂತೆ ಕೊರೆದ ಕಲ್ಲಿನ ದೋಣಿ, ಹೊರಗಡೆಗೆ ಒಂದು ಅಡಿಯಷ್ಟು ಇಳಿಜಾರು. ಆಚೆ ತುದಿ ಮಣ್ಣು, ಬೇರುಗಳಿಂದ ಮುಚ್ಚಿಹೋಗಿತ್ತು. ಹೊಗೆ ಹೋಗುವುದಕ್ಕೆ ಎಂದರು ಮೇಸ್ತ್ರಿ. ಹೊಗೆ ಕೆಳಮುಖವಾಗಿ ಹೋಗುತ್ತದೆಯೇ ಎಂದೆ. ಬಚ್ಚಲ ನೀರಿಗೆ ಎಂದರು; ನಾಲ್ಕು ಅಡಿ ಎತ್ತರದಲ್ಲಿ ಯಾರು ಬಚ್ಚಲು ಕಟ್ಟುತ್ತಾರೆ ಎಂದೆ. ಆಗ ನನಗೆ ಹೊಳೆನರಸೀಪುರದ ಉಗ್ರಾಣ ನೆನಪಾಯಿತು. ಅಲ್ಲಿಯೂ ಗೋಡೆಯಲ್ಲಿ ಹೀಗೇ ಇಳಿಜಾರಿನ ದೋಣಿ ಇತ್ತು, ಒಳಗಿನಿಂದ ಹೊರಗಿನ ಗಾಡಿಗೆ ಧಾನ್ಯ ಸುರಿಯುವುದಕ್ಕೆ. ತಿಂಗಳ ಹಿಂದಷ್ಟೆ ಅದನ್ನು ಅಳೆದು, ಗುರುತು ಹಿಡಿದು, ಬೆನ್ನು ತಟ್ಟಿಸಿಕೊಂಡಿದ್ದೆ. ಅಳತೆ ಪುಸ್ತಕದಲ್ಲಿ 'ಧಾನ್ಯದ ದೋಣಿ' ಎಂದು ಬರೆದು ಕೆಳಗೊಂದು ಗೆರೆ ಎಳೆದೆ.

ತಪ್ಪಾದದ್ದು ಅಲ್ಲಿ ಮಾತ್ರವಲ್ಲ. ಹಿಂಗೋಡೆಯ ಹೊರಬದಿಯ ತುಂಬ ಲಂಟಾನ ಮುಳ್ಳು ಆಳೆತ್ತರ ಬೆಳೆದಿತ್ತು. ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ಒಳಗಿನ ಅಳತೆ ಇದೆ, ಗೋಡೆಯ ದಪ್ಪ ಗೊತ್ತಿದೆ, ಹೊರಗಡೆ ಹೋಗಲಾಗದಿದ್ದರೆ ದಪ್ಪವನ್ನು ಕೂಡಿಸಿ ಹೊರಗೆರೆ ಎಳೆದುಬಿಡುವುದು. ನಕ್ಷೆಯಲ್ಲಿ ಅದು ಅಳೆದು ಬರೆದ ಗೆರೆಯಷ್ಟೇ ಕಪ್ಪಗೆ, ಅಷ್ಟೇ ನೇರವಾಗಿ ಕಾಣುತ್ತದೆ. ನಾನೂ ಎಳೆದೆ.

ಹಾಸನದ ನನ್ನ ಮೇಜಿಗೆ ಬಂದು ನಕ್ಷೆಗಳನ್ನು ಕೂರಿಸತೊಡಗಿದೆ. ಕಟ್ಟಡವನ್ನು ಅಡ್ಡಲಾಗಿ ಸೀಳಿ ಬದಿಯಿಂದ ನೋಡಿದಂತೆ ಬರೆಯುವ ನಕ್ಷೆಯನ್ನು ನಾವು ಸೀಳುನೋಟ ಎನ್ನುತ್ತೇವೆ. ಅದರಲ್ಲಿ ಎತ್ತರ ಅಂದಾಜಾಗಲಿ ಎಂದು ಒಬ್ಬ ಮನುಷ್ಯನನ್ನು ನಿಲ್ಲಿಸುವುದು ರೂಢಿ. ನನ್ನ ಕಂಪ್ಯೂಟರಿನಲ್ಲಿ ಅಂಥವನೊಬ್ಬ ಸಿದ್ಧವಾಗಿದ್ದಾನೆ. ಐದೂವರೆ ಅಡಿ ಗಂಡಸು, ಪ್ಯಾಂಟು ಹಾಕಿದ್ದಾನೆ, ಒಂದು ಕೈ ಜೇಬಿನಲ್ಲಿದೆ. ಉಗ್ರಾಣದಲ್ಲಿ ಅವನೇ, ಚಾವಡಿಯಲ್ಲಿ ಅವನೇ, ಬಂಗಲೆಯಲ್ಲೂ ಅವನೇ. ಛತ್ರದ ತೊಟ್ಟಿಯಲ್ಲೂ ಅವನನ್ನು ತಂದು ನಿಲ್ಲಿಸಿದೆ.

ಹನ್ನೆರಡನೇ ದಿನ ಅರಕಲಗೂಡಿನ ಚಾವಡಿಯಲ್ಲಿ ಉಳಿದ ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಮೇಸ್ತ್ರಿ ಮುದ್ದೆ ಮುರಿಯುತ್ತಾ ಕೇಳಿದರು.

"ಮೇಡಮ್ಮೋರೆ, ಬೇಜಾರು ಮಾಡ್ಕೋಬ್ಯಾಡಿ. ಆ ಚತ್ರದ ತೂತಲ್ಲಿ ರಾಗಿ ಸುರೀತಿದ್ರು ಅಂದ್ರಲ್ಲ. ಉಗ್ರಾಣದಿಂದ ಗಾಡಿಗೆ ಸುರಿಯೋದು ಸರಿ. ಚತ್ರದ ಅಡಿಗೆಮನೆಯಿಂದ ಯಾರ ಗಾಡಿಗೆ ಸುರೀತಾರೆ? ಅದೂ ಮುಷ್ಟಿ ಗಾತ್ರದ ತೂತಲ್ಲಿ. ಒಂದು ಮೂಟೆ ಇಳಿಯೋದ್ರೊಳಗೆ ಎತ್ತಿಗೆ ಮುಪ್ಪು ಬತ್ತದೆ."

ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಅವರ ಮೇಲಲ್ಲ. ಚೀಲದಿಂದ ಅಳತೆ ಪುಸ್ತಕ ತೆಗೆದು ನೋಡಿದೆ. ಹಿಂಗೋಡೆಯ ಹೊರಮೈಗೆಂದು ಬಿಟ್ಟ ಪುಟ ಪೂರ್ತಿ ಖಾಲಿ. ಒಂದಂಕಿಯೂ ಇಲ್ಲ. ಮರುದಿನ ಬೆಳಿಗ್ಗೆ ಮಚ್ಚು, ಗುದ್ದಲಿ ಹಿಡಿದು ಇಬ್ಬರೂ ಛತ್ರದ ಹಿಂದೆ ಹಾಜರಾದೆವು.

ಮುಳ್ಳು ಕಡಿಯುವುದಕ್ಕೇ ಎರಡು ಗಂಟೆ ಬೇಕಾಯಿತು. ಕೈಯೆಲ್ಲ ಗೀರು. ಬೇರು ಕಿತ್ತು ಮಣ್ಣು ಸರಿಸಿದಾಗ ಗೋಡೆಯಿಂದ ಅಂಗೈಯಷ್ಟು ಹೊರಚಾಚಿದ ಕಲ್ಲಿನ ತುಟಿ ಕಾಣಿಸಿತು, ನೆಲದಿಂದ ಮೂರು ಅಡಿ ಎತ್ತರಕ್ಕೆ. ಅದರ ಕೆಳಗೆ ಹಾಸುಗಲ್ಲು. ಹಾಸುಗಲ್ಲಿನ ನಡುವೆ ನೀರು ಬಿದ್ದು ಬಿದ್ದು ಆದ ಗುಳಿ. ತುಟಿಯ ಪಕ್ಕದ ಗೋಡೆಗಲ್ಲಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಯಾರೋ ಬೇಕೆಂದೇ ಕಲ್ಲಿನಿಂದ ಕುಟ್ಟಿದಂತೆ. ಸುತ್ತಲೂ ಸಪಾಟಾಗಿದ್ದ ಗೋಡೆಯಲ್ಲಿ ಆ ಒಂದು ಕಡೆ ಮಾತ್ರ ನೂರಾರು ಏಟು ಬಿದ್ದಿದ್ದವು. ಮೇಸ್ತ್ರಿ ಒಳಗೆ ಹೋಗಿ ಒಂದು ಬಿಂದಿಗೆ ನೀರು ಸುರಿದರು. ಮೊದಲು ಕೆಸರು, ಆಮೇಲೆ ತಿಳಿನೀರು ಸಣ್ಣ ಧಾರೆಯಾಗಿ, ಒಂಚೂರೂ ಚೆಲ್ಲದೆ ಬಂತು. ಇಷ್ಟು ಚೆಂದದ ಕೆಲಸ ಮಾಡಿದವನು ಯಾವುದೋ ಮುಖ್ಯ ಕೆಲಸಕ್ಕೇ ಮಾಡಿರಬೇಕು ಎನ್ನಿಸಿತು. ಕುತೂಹಲದಲ್ಲಿ ನನಗೆ ಹಸಿವು ಸಹ ಮರೆತುಹೋಗಿತ್ತು.

"ಯಾಕವ್ವ ಅದ್ನ ಕೆದುಕ್ತಿದ್ದೀರಾ? ನಿಧಿ ಗಿಧಿ ಐತೆ ಅಂದ್ಕೊಂಡ್ರಾ?"

ತಿರುಗಿ ನೋಡಿದರೆ ಒಬ್ಬ ಅಜ್ಜಿ, ಕೈಯಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿ ಚೀಲ. ರಸ್ತೆಯಾಚೆಯ ಕಾಲೊನಿಯವರು. ಅಂಗನವಾಡಿಯಲ್ಲಿ ಆಯಾ ಆಗಿ ನಿವೃತ್ತಿಯಾದವರು ಎಂದು ಆಮೇಲೆ ಗೊತ್ತಾಯಿತು. ಊರಿನ ಅರ್ಧ ಜನಕ್ಕೆ ಉಪ್ಪಿಟ್ಟು ತಿನ್ನಿಸಿ ಬೆಳೆಸಿದ ಜೋರು ಅವರ ದನಿಯಲ್ಲಿತ್ತು.

"ನಿಧಿ ಇಲ್ಲ ಅಜ್ಜಿ. ಈ ತೂತು ಯಾತಕ್ಕೆ ಅಂತ ನೋಡ್ತಿದ್ದೀವಿ" ಎಂದೆ.

"ತೂತಾ?" ಅಜ್ಜಿ ನಕ್ಕರು. "ಅದು ನಮ್ಮ ನಲ್ಲಿ ಕಣವ್ವ."

ಅಕ್ಕಿ ಚೀಲ ಇಳಿಸಿ ಹಾಸುಗಲ್ಲಿನ ಹತ್ತಿರ ಬಂದರು. "ನಮ್ಮೋರ್ನ ಒಳೀಕೆ ಬಿಡ್ತಿರ್ಲಿಲ್ಲ. ಬಾವಿ ಮುಟ್ಟಂಗಿಲ್ಲ. ಅವ್ವನೂ ನಾನೂ ಸೌದೆ ಹೊರೆ ಹೊತ್ಕೊಂಡು ಪಟ್ಟಣಕ್ಕೆ ಓಗೋವಾಗ ಇಲ್ಲಿ ಹೊರೆ ಇಳಿಸೋದು. ಇಲ್ಲಿ ಕಲ್ಲಲ್ಲಿ ಎರಡು ಏಟು ಕುಟ್ಟಿದ್ರೆ ಒಳಗಿಂದ ನೀರು ಉಯ್ಯೋರು. ಬಗ್ಗಿ ಇಂಗೆ ಬೊಗಸೆ ಹಿಡಿಯೋದು." ಅಜ್ಜಿ ಬಗ್ಗಿ ತೋರಿಸಿದರು. ಎರಡು ಕೈ ಸರಿಯಾಗಿ ಕಲ್ಲಿನ ತುಟಿಯ ಕೆಳಕ್ಕೆ ಹೋಗಿ ನಿಂತವು, ಹುಡುಕಬೇಕಾಗಲಿಲ್ಲ. "ಸಾಕಾದ್ಮೇಕೆ 'ಸಾಕು ಬುದ್ದಿ' ಅನ್ಬೇಕು, ದಣಿಗಳ್ನ ಕರೆಯಂಗೆ. ಅವ್ರು ನಮ್ಮ ಮಕ ನೋಡಂಗಿಲ್ಲ, ನಾವು ಅವ್ರ ಮಕ ನೋಡಂಗಿಲ್ಲ. ಅದ್ಕೇ ಇಷ್ಟು ದಪ್ಪ ಗೋಡೆ."

ಹತ್ತು ದಿನ ನಾನು ರಾಗಿ ಸುರಿಯುತ್ತಿದ್ದ ದೋಣಿ ಅದು. ನಾಚಿಕೆಯಾಯಿತು. ಆದರೆ ಕೇಳಬೇಕಾದದ್ದು ಇನ್ನೂ ಇತ್ತು.

"ಅಜ್ಜಿ, ಒಳಗೆ ಯಾವಾಗ್ಲಾದ್ರೂ ಹೋಗಿದ್ರಾ? ಈಗ ಬಾಗಿಲೂ ಇಲ್ಲ, ಕೇಳೋರೂ ಇಲ್ಲವಲ್ಲ."

"ಇಲ್ಲ ಕಣವ್ವ. ಯಾತಕ್ಕೆ ಓಗ್ಲಿ?" ಎಂದರು. ಚೀಲ ಎತ್ತಿಕೊಂಡವರು ತಿರುಗಿ ನಿಂತು, "ಒಳಗಿಂದ ಎಂಗೆ ಕಾಣ್ತದೆ ಅದು?" ಎಂದು ಕೇಳಿದರು.

ಆ ದಿನ ಮಳೆ ಮೋಡ ಕವಿದು ಕೆಲಸ ನಿಂತಿತು. ಹಾಸನಕ್ಕೆ ಬಂದು ಹೊಸ ಸೀಳುನೋಟ ಬರೆದೆ, ಈ ಸಲ ಸರಿಯಾಗಿ ತೂತಿನ ನಡುವೆ ಸೀಳಿ. ಒಳಗೆ ನಾಲ್ಕು ಅಡಿ, ಹೊರಗೆ ಮೂರು ಅಡಿ, ನಡುವೆ ಎರಡೂವರೆ ಅಡಿ ಕಲ್ಲು. ಒಂದೇ ನೋಟಕ್ಕೆ ಎಲ್ಲ ತಿಳಿಯುತ್ತಿತ್ತು. ಅದೇ ತೊಂದರೆ. ಗೌಡರ ಪತ್ರದಲ್ಲಿ ಬಂದವರಿಗೆಲ್ಲ ಜಾತಿ ಕೇಳದೆ ನೀರು ಎಂದಿದೆ. ನನ್ನ ನಕ್ಷೆ ಬೇರೆ ಹೇಳುತ್ತಿದೆ. ನಕ್ಷೆ ನೋಡಿದರೆ ಗೌಡರು ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಛತ್ರ ಇಲ್ಲ, ತೂತೂ ಇಲ್ಲ.

ಮೇಸ್ತ್ರಿಗೆ ಫೋನು ಮಾಡಿದೆ. ಅವರು ಒಂದು ಉಪಾಯ ಹೇಳಿದರು. "ಗೋಡೆಯಲ್ಲಿ ಒಂದು ಕಿಂಡಿ ಅಂತ ಬರ್ದುಬಿಡಿ ಮೇಡಮ್ಮೋರೆ. ಸುಳ್ಳೇನಲ್ವಲ್ಲ. ಮೊದ್ಲು ಕಟ್ಟಡ ಉಳೀಲಿ. ಆಮೇಕೆ ನಿಧಾನಕ್ಕೆ ನಿಜ ಬರ್ಕಂಡ್ರಾಯ್ತು."

ಬುದ್ಧಿವಂತಿಕೆಯ ಮಾತು. ಒಂದು ಗಂಟೆ ಹೊತ್ತು 'ಕಿಂಡಿ' ಎಂದೇ ಬರೆದಿಟ್ಟಿದ್ದೆ. ಆದರೆ ಗೋಡೆಯ ಆಚೆ ನೋಡದೆ ಗೆರೆ ಎಳೆದದ್ದು ನನ್ನ ಮೊದಲ ತಪ್ಪು. ನೋಡಿದ ಮೇಲೂ ಅದೇ ಗೆರೆ ಎಳೆದರೆ ಅದನ್ನು ತಪ್ಪು ಎನ್ನಲಾಗುವುದಿಲ್ಲ, ಬೇರೆ ಹೆಸರಿದೆ. ಗೌಡರಿಗೆ ಗೊತ್ತಾಗದಂತೆ ಸಹಿ ತೆಗೆದುಕೊಂಡು ಆಮೇಲೆ ನಿಜ ಬರೆಯುವುದೂ ಮನಸ್ಸಿಗೆ ಒಗ್ಗಲಿಲ್ಲ. ಹಾಳೆಯನ್ನು ಸುತ್ತಿ ಬಸ್ಸು ಹತ್ತಿದೆ.

ಗೌಡರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ ನೋಡಿದರು. ಜಗಲಿಯ ಕಂಬಗಳನ್ನು ನೋಡಿ ಖುಷಿಪಟ್ಟರು. ಸೀಳುನೋಟಕ್ಕೆ ಬಂದಾಗ ಇದೇನು ಎಂದು ಕೇಳಿದರು. ಹೇಳಿದೆ. ಮುಚ್ಚಿಡದೆ, ಅಜ್ಜಿ ಹೇಳಿದ ಹಾಗೇ ಹೇಳಿದೆ. ಅವರ ಮುಖ ಕೆಂಪಾಯಿತು.

"ಯಾರಮ್ಮ ಅಂದಿದ್ದು ನೀರು ಕೊಡ್ಲಿಲ್ಲ ಅಂತ? ಯಾರಂದಿದ್ದು? ನಾನೇ ಉಯ್ದಿದ್ದೀನಿ! ಸಣ್ಣೋನಿದ್ದಾಗ ದಿನಾ ನಾನೇ ನಿಂತು ಉಯ್ದಿದ್ದೀನಿ, ಯಾರಿಗೂ ಇಲ್ಲ ಅಂದಿಲ್ಲ!"

ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ತೂತಿನ ಕೆಳಗಿದ್ದ ಆ ಚೌಕದ ಕಲ್ಲು. ಹದಿನಾಲ್ಕು ದಿನದಿಂದ ಅದು ಅಲ್ಲೇಕಿದೆ ಎಂದು ಕೊರೆಯುತ್ತಲೇ ಇತ್ತು. ಬಾಯಿ ತಡೆಯಲಿಲ್ಲ.

"ಕಲ್ಲಿನ ಮೇಲೆ ನಿಂತ್ಕೊಂಡಾ ಗೌಡ್ರೇ?"

ಗೌಡರು ನನ್ನನ್ನೇ ನೋಡಿದರು. ಅಷ್ಟು ಹೊತ್ತಿನ ಸಿಟ್ಟು ಎಲ್ಲಿಗೋ ಹೋಗಿ, ಅದರ ಜಾಗದಲ್ಲಿ ಏನೂ ಇರಲಿಲ್ಲ. ಆಮೇಲೆ ಸಹಿಯಿಲ್ಲದ ಪತ್ರವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. "ನೀವು ಹೊರಡಿ" ಎಂದರು.

"ಕೆಡಿಸಿಬುಟ್ರಲ್ಲ ಮೇಡಮ್ಮೋರೆ" ಎಂದರು ಮೇಸ್ತ್ರಿ, ಸುದ್ದಿ ಕೇಳಿ. "ನಿಜ ಏಳಿದ್ರಿ, ಸರಿ. ಆ ಗಾರೆಗೆ ಏನು ಉತ್ತರ ಏಳ್ತೀರಾ?" ಕಟ್ಟಡ ಹೇಗೂ ಹೋಗುವುದಾದರೆ ದಾಖಲೆಯಾದರೂ ಪೂರ್ತಿಯಾಗಿರಲಿ ಎಂದು ಉಳಿದ ಅಳತೆ ಮುಗಿಸುವುದಕ್ಕೆ ನಿಂತೆ. ಸೀಳುನೋಟದಲ್ಲಿ ಜೇಬಿಗೆ ಕೈ ಹಾಕಿ ನಿಂತವನನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಅವನನ್ನು ಅಳಿಸಿಹಾಕಿದೆ. ಅಜ್ಜಿಯ ಮನೆಗೆ ಹೋಗಿ, ನಿಮ್ಮ ಎತ್ತರ ಅಳೆಯಲೇ, ನಕ್ಷೆಯಲ್ಲಿ ಗೋಡೆಯ ಆಚೆ ನಿಮ್ಮನ್ನು ನಿಲ್ಲಿಸಬೇಕು ಎಂದು ಕೇಳಿದೆ.

ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಅಜ್ಜಿ ಕಾಲು ಚಾಚಿ ಕೂತಿದ್ದರು. ಯೋಚಿಸಿದರು. "ನಾನಾಗ ಸಣ್ಣೋಳು. ಬರೆಯಂಗಿದ್ರೆ ನಮ್ಮವ್ವನ್ನ ಬರಿ. ಅವ್ಳೂ ನನ್ನಷ್ಟೇ ಎತ್ರ, ಎಲ್ರೂ ಅನ್ನೋರು. ಅವಳದೊಂದು ಫೋಟೋನೂ ಇಲ್ಲ ನಮ್ತಾವ."

"ಬಗ್ಗಿ ನೀರು ಕುಡಿಯೋ ಹಾಗೆ ಬರೀಬೇಕಾಗತ್ತೆ ಅಜ್ಜಿ. ಪರವಾಗಿಲ್ವಾ?"

"ಬಗ್ಗಿದ್ಲು ತಾನೆ? ಬಗ್ಗಿದಂಗೇ ಬರಿ. ನೆಟ್ಟಗೆ ನಿಲ್ಸಿ ಬರೆದ್ರೆ ಯಾರಿಗ್ ಗೊತ್ತಾಯ್ತದೆ?" ಎಂದರು. "ಆದ್ರೆ ಇಲ್ಲಿ ಬ್ಯಾಡ. ಅಲ್ಲೇ ಬತ್ತೀನಿ, ಆ ಕಲ್ಲಿನತ್ರನೇ ಅಳ್ಕೋ."

ಹದಿನೆಂಟನೇ ದಿನ ಬೆಳಿಗ್ಗೆ ಎಂದು ಮಾತಾಯಿತು. ಹಿಂದಿನ ಸಂಜೆ ಗೌಡರ ಫೋನು ಬಂತು. ನಾಳೆ ಛತ್ರದ ಹತ್ತಿರ ಇರ್ತೀರಾ ಎಂದಷ್ಟೇ ಕೇಳಿ ಇಟ್ಟುಬಿಟ್ಟರು. ಕೆಲಸ ನಿಲ್ಲಿಸುವುದಕ್ಕೆ ಬರುತ್ತಾರೆಂದೇ ನಾವು ತಿಳಿದೆವು. ಮೇಸ್ತ್ರಿ ಮುಂಜಾಗ್ರತೆಗೆ ಟೇಪು, ಪೈಪು ಎಲ್ಲ ಚೀಲದಲ್ಲೇ ಇಟ್ಟುಕೊಂಡಿದ್ದರು.

ಗೌಡರು ಒಬ್ಬರೇ ಬಂದರು. ಕೋಲೂರಿಕೊಂಡು ಜಗಲಿ ಹತ್ತಿ, ತೊಟ್ಟಿ ದಾಟಿ, ಯಾರನ್ನೂ ಕೇಳದೆ ನೇರ ಅಡಿಗೆಮನೆಗೆ ಹೋದರು. ಕಲ್ಲಿನ ಮುಂದೆ ನಿಂತರು. ಕೋಲಿನ ತುದಿಯಿಂದ ಅದರ ಮೇಲಿನ ಮಣ್ಣು ಸರಿಸಿದರು.

"ಎಂಟು ವರ್ಷ ಇರ್ಬೇಕು ನಂಗೆ. ಇಸ್ಕೂಲಿಗೆ ಹಾಸನಕ್ಕೆ ಕಳ್ಸೋಕೆ ಮುಂಚೆ" ಎಂದರು. "ಕಲ್ಲು ಹತ್ತಿದ್ರೆ ತೂತು ಇಲ್ಲಿಗೆ ಬರೋದು." ಎದೆ ಮುಟ್ಟಿ ತೋರಿಸಿದರು. "ಟಕ್ ಟಕ್ ಅಂತ ಕೇಳಿದ್ ಕೂಡ್ಲೆ ನಾನೇ ಓಡಿ ಬರ್ತಿದ್ದೆ. ನಂಗದು ಆಟ. ಆ ಕಡೆಯಿಂದ ದೊಡ್ಡೋರು 'ಸಾಕು ಬುದ್ದಿ' ಅನ್ನೋರು, ಅದ ಕೇಳೋಕೆ ಆಸೆ. ಬೆರಳ ತುದಿ ಕಾಣೋದು, ಅಷ್ಟೇ. ಯಾರ ಬೆರಳು ಅಂತ ಒಂದಿನಾನೂ ಇಣುಕಿ ನೋಡ್ಲಿಲ್ಲ ಕಣಮ್ಮ. ನೀವು ಕೇಳಿದ್ಮೇಲೆ ಅದೇ ತಲೇಲಿ ಕೂತಿದೆ. ನೀರು ಕೊಡ್ತಿದ್ದೆ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದು ನಾನು."

ಜೇಬಿನಿಂದ ಪತ್ರ ತೆಗೆದು ಬಾವಿಕಟ್ಟೆಯ ಮೇಲಿಟ್ಟರು. ನನ್ನ ಪೆನ್ನು ಕೇಳಿ ಪಡೆದು 'ಯಾವ ಜಾತಿ ಎಂದು ಕೇಳದೆ' ಎನ್ನುವ ಸಾಲನ್ನು ಪೂರ್ತಿ ಹೊಡೆದುಹಾಕಿದರು. ಕೆಳಗೆ ಸಹಿ ಹಾಕಿದರು. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡು ಗೋಡೆಯ ಗಾರೆ ಸವರುತ್ತಾ ನಿಂತರು.

ಅಷ್ಟರಲ್ಲಿ ಅಜ್ಜಿ ಬಂದು ಹಿಂದಿನ ಹಾಸುಗಲ್ಲಿನ ಹತ್ತಿರ ನಿಂತು ಕೂಗಿದರು. ಗೌಡರು "ಆ ಕಡೆ ನಾನೂ ಬರ್ತೀನಿ ಇರಿ" ಎಂದು ನನ್ನ ಹಿಂದೆ ಹೊರಟರು. ಛತ್ರದ ಸುತ್ತು ಬಳಸಿ ಹೋಗುವುದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಜ್ಜಿಯೂ ಅವರೂ ಅಕ್ಕಪಕ್ಕದ ಊರಿನವರು, ಮುಖ ಪರಿಚಯ ಇದ್ದೇ ಇತ್ತು. ಗೌಡರು ಕಲ್ಲಿನ ತುಟಿ ನೋಡಿದರು, ಕುಟ್ಟಿದ ಗುರುತುಗಳನ್ನು ನೋಡಿದರು.

"ನಾನು ಈ ಕಡೀಕೆ ಬಂದೇ ಇರ್ಲಿಲ್ಲ" ಎಂದರು.

"ನಾನು ಒಳೀಕೆ ಓಗೇ ಇರ್ಲಿಲ್ಲ" ಎಂದರು ಅಜ್ಜಿ. "ಇಲ್ಲೇ ನಿಂತಿರಿ ಗೌಡ್ರೇ. ನಾನು ನೋಡ್ಕ ಬತ್ತೀನಿ."

ನಾನು ಅಜ್ಜಿಯ ಜೊತೆ ಒಳಗೆ ಬಂದೆ. ಜಗಲಿ, ತೊಟ್ಟಿ, ಬಾವಿ, ಪ್ರತಿಯೊಂದನ್ನೂ ನಿಂತು ನೋಡಿದರು. ಬಾವಿಗೆ ಇಣುಕಿ "ಇಷ್ಟೇಯಾ?" ಎಂದರು. ಅಡಿಗೆಮನೆಯಲ್ಲಿ ಕಲ್ಲು ತೋರಿಸಿ, ಇದರ ಮೇಲೆ ಒಬ್ಬ ಹುಡುಗ ನಿಂತು ನೀರು ಹಾಕುತ್ತಿದ್ದನಂತೆ ಎಂದೆ. ಯಾವ ಹುಡುಗ ಎಂದು ಅವರು ಕೇಳಲಿಲ್ಲ. ನನ್ನ ಭುಜ ಹಿಡಿದು ಕಲ್ಲು ಹತ್ತಿದರು. ತೂತಿಗೆ ಕಣ್ಣಿಟ್ಟು ನೋಡಿದರು.

"ಯಾರೂ ಕಾಣಲ್ಲವಲ್ಲವ್ವ" ಎಂದರು. ಆಮೇಲೆ ಮೇಸ್ತ್ರಿಗೆ, "ಆ ಬಿಂದಿಗೆ ಇತ್ತ ಕೊಡಪ್ಪ" ಎಂದರು.

ಎರಡು ಕೈಯಲ್ಲಿ ಬಿಂದಿಗೆ ಎತ್ತಿ ಬಟ್ಟಲುಗಲ್ಲಿಗೆ ನೀರು ಸುರಿದರು. ನೀರು ಇಳಿಯುವ ಸದ್ದು ಗೋಡೆಯ ಒಳಗೆ ಹೋಗಿ, ನಿಂತಿತು. ಹಾಸುಗಲ್ಲಿಗೆ ಬಿದ್ದ ಸದ್ದು ಕೇಳಿಸಲಿಲ್ಲ. ಆಚೆ ಯಾರೋ ಕೈ ಒಡ್ಡಿದ್ದಾರೆ ಎಂದು ಮೂವರಿಗೂ ಅರ್ಥವಾಯಿತು. ಸ್ವಲ್ಪ ಹೊತ್ತಿನ ಮೇಲೆ ತೂತಿನಿಂದ ಗೌಡರ ದನಿ ಬಂತು.

"ಸಾಕು."

ಅಜ್ಜಿ ನಿಲ್ಲಿಸಲಿಲ್ಲ. ತೂತಿನ ಹತ್ತಿರ ಬಾಯಿಟ್ಟು ಹೇಳಿದರು: "ಬರೀ ಸಾಕು ಅಂದ್ರೆ ನಿಲ್ಸಂಗಿಲ್ಲ ಗೌಡ್ರೇ. ಏನನ್ಬೇಕು ಅಂತ ನಿಮಗೇ ಗೊತ್ತಲ್ಲ."

ನೀರು ಬೀಳುತ್ತಲೇ ಇತ್ತು. ಬಿಂದಿಗೆ ಹಗುರವಾಗುತ್ತಾ ಬಂತು. ಆಮೇಲೆ ಗೋಡೆಯ ಒಳಗಿನಿಂದ, ಅದು ಅವರ ದನಿ ಎಂದು ನಂಬುವುದಕ್ಕೆ ಆಗದಷ್ಟು ಮೆಲ್ಲಗೆ ಬಂತು.

"ಸಾಕು ಬುದ್ದಿ."

ಅಜ್ಜಿ ಬಿಂದಿಗೆ ಇಳಿಸಿದರು. ನಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ಬಾರವ್ವ, ಅಳ್ಕೋ" ಎಂದರು.

ನಾಲ್ಕು ಅಡಿ ಒಂಬತ್ತು ಇಂಚು. ಅರ್ಜಿ ಹೊತ್ತಿಗೆ ಸರಿಯಾಗಿ ಹಾಸನಕ್ಕೆ ಮುಟ್ಟಿತು. ಎಷ್ಟೋ ಸಲ ಓಡಾಡಿದ ಮೇಲೆ ರಸ್ತೆಯ ಗೆರೆ ಆಚೆ ಬದಿಗೆ ಸರಿಯಿತು. ಕೆಂಪು ಗುರುತಿನ ಮೇಲೆ ಮೇಸ್ತ್ರಿ ತಾವೇ ಹೋಗಿ ಸುಣ್ಣ ಬಳಿದು ಬಂದರು. ಸೀಳುನೋಟದ ಹಾಳೆಯಲ್ಲಿ ಈಗ ಇಬ್ಬರಿದ್ದಾರೆ. ಒಳಗೆ ಕಲ್ಲಿನ ಮೇಲೆ ನಿಂತ ಎಂಟು ವರ್ಷದ ಹುಡುಗ, ಅವನ ಎತ್ತರವನ್ನು ಗೌಡರು ಎದೆ ಮುಟ್ಟಿ ತೋರಿಸಿದ ತೂತಿನ ಲೆಕ್ಕದಿಂದ ಕೂರಿಸಿದೆ. ಹೊರಗೆ ಸೌದೆ ಹೊರೆ ಇಳಿಸಿ, ಬಗ್ಗಿ, ಬೊಗಸೆ ಹಿಡಿದ ಒಬ್ಬ ಹೆಂಗಸು. ಅದರ ಒಂದು ಪ್ರತಿ ಅಜ್ಜಿಯ ಮನೆಯಲ್ಲಿ ಬುದ್ಧನ ಪಕ್ಕದಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಬಂದವರಿಗೆಲ್ಲ ಅಜ್ಜಿ ಅದನ್ನು ತೋರಿಸುತ್ತಾರಂತೆ. ಛತ್ರದ ಹೆಸರನ್ನು ಹೇಳುವುದಿಲ್ಲವಂತೆ, ನನ್ನ ಹೆಸರನ್ನೂ ಹೇಳುವುದಿಲ್ಲವಂತೆ. "ನಮ್ಮವ್ವನ ಫೋಟೋ" ಎನ್ನುತ್ತಾರಂತೆ.